ಲೈನ್ ಆಫ್ ಮಾಡಿ ಕೆಲಸ ಮಾಡಿದರೂ ಗ್ರಿಡ್ ಯಾಕೆ ಬೀಳುತ್ತದೆ?

ಪ್ರಶ್ನೆ: ದುರಸ್ತಿಗೆ ಲೈನ್ ಆಫ್ ಮಾಡಿಯೇ ಕೈಹಾಕುತ್ತಾರೆ. ಆದರೂ ದುರಸ್ತಿಯಿಂದಲೇ ದೇಶ ಕತ್ತಲಾಗುವುದು ಹೇಗೆ?

ಮಳೆಗಾಲಕ್ಕೆ ಮೊದಲು ಜಂಗಲ್ ಕಟಿಂಗ್ ಶುರುವಾದರೆ ಸಾಕು, ಕೊಡಗಿನಿಂದ ಈ ಪ್ರಶ್ನೆ ಬಂದೇ ಬರುತ್ತದೆ. ಮತ್ತೊಮ್ಮೆ ಹೇಳುತ್ತೇನೆ. ನಿಮ್ಮ ತೋಟದ ಸಿಲ್ವರ್ ಓಕ್ ಕೊಂಬೆ ಕಡಿಯಲು 11 ಕೆ.ವಿ. ಫೀಡರ್ ತೆಗೆದರೆ ಗ್ರಿಡ್‌ಗೆ, ಅಂದರೆ ದೊಡ್ಡ ಲೈನ್‌ಗಳೆಲ್ಲ ಒಂದಕ್ಕೊಂದು ಸೇರಿದ ಜಾಲಕ್ಕೆ, ಏನೂ ಆಗದು. ಅದು ತುದಿಯ ಕವಲು. ಮಾತಿರುವುದು ದಕ್ಷಿಣ ಕೊಡಗನ್ನು ಹಾದು ಹೋಗುವ ಮೈಸೂರು–ಕೋಝಿಕ್ಕೋಡ್ 400 ಕೆ.ವಿ. ಲೈನ್‌ನಂಥವುಗಳದ್ದು.

ಎಷ್ಟು ಸಲ ಬರೆದರೂ ಹೋಗದ ನಂಬಿಕೆಯೊಂದಿದೆ: ಆಫ್ ಆದ ಲೈನಿನ ಕರೆಂಟ್ ಅಲ್ಲೇ ನಿಂತುಬಿಡುತ್ತದೆ, ಉಳಿದವಕ್ಕೆ ಸಂಬಂಧವಿಲ್ಲ ಎಂಬುದು. ನಿಲ್ಲುವುದಿಲ್ಲ! ಅತ್ತ ಉತ್ಪಾದನೆ ನಡೆದೇ ಇದೆ, ಇತ್ತ ಬಳಕೆಯೂ ನಡೆದೇ ಇದೆ. ಸಂಪಾಜೆ ಘಾಟಿ ಮುಚ್ಚಿದಾಗ ವಾಹನಗಳು ಕರಿಕೆಯತ್ತ ತಿರುಗುವಂತೆ ಆ ಹೊರೆ ಕಣ್ಣು ಮಿಟುಕಿಸುವಷ್ಟರಲ್ಲಿ ಪಕ್ಕದ ಲೈನ್‌ಗಳ ಮೇಲೆ ಬೀಳುತ್ತದೆ. ಯಾರನ್ನೂ ಕೇಳುವುದಿಲ್ಲ, ಸರದಿಗೂ ಕಾಯುವುದಿಲ್ಲ. ಅವುಗಳಲ್ಲೊಂದು ಹೊರೆ ಹೆಚ್ಚಾಗಿ ಟ್ರಿಪ್ ಆದರೆ, ಅಂದರೆ ತಾನಾಗಿಯೇ ಕಡಿದುಕೊಂಡರೆ, ಹೊರೆ ಇನ್ನೊಂದಕ್ಕೆ, ಅದೂ ಹೋದರೆ ಮತ್ತೊಂದಕ್ಕೆ.

2012ರ ಜುಲೈ 30ರ ನಸುಕಿನಲ್ಲಿ ಆದದ್ದು ಇದೇ. ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ ನಡುವಿನ ಜೋಡಿ ಲೈನ್‌ನಲ್ಲಿ ಒಂದನ್ನು 765 ಕೆ.ವಿ.ಗೆ ಏರಿಸುವ ಕೆಲಸಕ್ಕಾಗಿ ತೆಗೆದಿದ್ದರು. ಉಳಿದದ್ದರ ಮೇಲೆ ಹೊರೆ ಏರಿತು. ಅಲ್ಲಿ ಶಾರ್ಟ್ ಆಗಿರಲೇ ಇಲ್ಲ, ಆದರೂ ಲೈನ್ ಕಾಯುವ ಸಾಧನವಾದ ರಿಲೇ ಆ ಹೊರೆಯನ್ನೇ ಶಾರ್ಟ್ ಎಂದು ತಿಳಿದು ಲೈನ್ ಕಡಿಯಿತು. ಉತ್ತರ ಭಾರತ ಪೂರ್ತಿ ಕತ್ತಲಾಯಿತು. ಮರುದಿನ ಪೂರ್ವ, ಈಶಾನ್ಯವೂ ಸೇರಿ 60 ಕೋಟಿಗೂ ಹೆಚ್ಚು ಜನ ಇರುವ ಪ್ರದೇಶ ಕತ್ತಲಲ್ಲಿತ್ತು. ನಮಗೆ ತಟ್ಟಲಿಲ್ಲ, ಏಕೆಂದರೆ ದಕ್ಷಿಣದ ಗ್ರಿಡ್ ಆಗ ಪ್ರತ್ಯೇಕವಾಗಿಯೇ ಓಡುತ್ತಿತ್ತು. ರಾಯಚೂರು–ಸೋಲಾಪುರ ಲೈನ್ ಮೂಲಕ ಅದು ಉಳಿದ ಗ್ರಿಡ್‌ಗೆ ಸೇರಿದ್ದು 2013ರ ಡಿಸೆಂಬರ್ 31ರಂದು.

ಕೆಲಸದಲ್ಲಿ ಹಂತ ತಪ್ಪಿಸುವುದು ಗ್ರಿಡ್ ಬೀಳುವ ಇನ್ನೊಂದು ದಾರಿ. 2011ರ ಸೆಪ್ಟೆಂಬರ್ 8ರಂದು ಅಮೆರಿಕದ ಅರಿಜೋನಾದ ಸಬ್‌ಸ್ಟೇಷನ್‌ನಲ್ಲಿ ಸ್ವಿಚಿಂಗ್ ಮಾಡುವಾಗ ತಂತ್ರಜ್ಞ ಹಂತ ಬಿಟ್ಟ ಕಾರಣ 500 ಕೆ.ವಿ. ಲೈನ್ ಹೋಯಿತು. ಹನ್ನೊಂದೇ ನಿಮಿಷದಲ್ಲಿ ಸ್ಯಾನ್ ಡಿಯಾಗೊ ಕತ್ತಲಾಯಿತು. 2021ರ ಜನವರಿ 9ರ ರಾತ್ರಿ ಪಾಕಿಸ್ತಾನದ ಗುಡ್ಡು ಸ್ಥಾವರದಲ್ಲಿ ದುರಸ್ತಿ ವೇಳೆ ಹಾಕಿದ್ದ ಅರ್ಥಿಂಗ್ (ತಂತಿಯನ್ನು ನೆಲಕ್ಕೆ ಸೇರಿಸುವ ಜೋಡಣೆ) ತೆಗೆಯದೆಯೇ ಬ್ರೇಕರ್ ಎಂಬ ದೊಡ್ಡ ಸ್ವಿಚ್ ಹಾಕಿದರು. ಹೆಚ್ಚುಕಡಿಮೆ ಇಡೀ ದೇಶಕ್ಕೆ ಕರೆಂಟ್ ಹೋಯಿತು.

ಹಾಗಾದರೆ ಆಫ್ ಆದ ಲೈನಿಗೆ ಅರ್ಥಿಂಗ್ ಯಾಕೆ ಹಾಕಬೇಕು? ಇದನ್ನು ಯಾರೂ ಕೇಳುವುದಿಲ್ಲ, ಕೇಳಬೇಕಿತ್ತು. ಪಕ್ಕದ ಜೀವಂತ ಲೈನ್‌ನಿಂದ, ಸಿಡಿಲಿನಿಂದ ಸತ್ತ ತಂತಿಯಲ್ಲೂ ವೋಲ್ಟೇಜ್ ಹುಟ್ಟಬಹುದು. ಜೊತೆಗೆ ನಿಮ್ಮ ಮನೆಯ ಜನರೇಟರ್. ಚೇಂಜ್‌ಓವರ್ ಸ್ವಿಚ್ ಇಲ್ಲದೆ, ಎರಡೂ ತುದಿಗೆ ಪ್ಲಗ್ ಇರುವ ವೈರನ್ನು ಸಾಕೆಟ್‌ಗೆ ಚುಚ್ಚಿದರೆ ಅದರ 230 ವೋಲ್ಟ್ ಸರ್ವಿಸ್ ವೈರ್ ಮೂಲಕ ಟ್ರಾನ್ಸ್‌ಫಾರ್ಮರ್‌ಗೆ ಹಿಂದಕ್ಕೆ ಹೋಗಿ 11,000 ವೋಲ್ಟ್ ಆಗುತ್ತದೆ. ಎಲ್‌ಸಿ (ಲೈನ್ ಕ್ಲಿಯರ್, ಅಂದರೆ ಲೈನ್ ಆಫ್ ಆಗಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ತೆಗೆದುಕೊಂಡು ಕಂಬ ಹತ್ತಿದ ಲೈನ್‌ಮನ್ ಜೀವ ಹೋಗುವುದು ಹೀಗೇ. ಮೇನ್ ಆಫ್ ಮಾಡಲು ಮರೆಯುವುದಿಲ್ಲ ಎನ್ನಬೇಡಿ. ಎರಡು ಕರೆಂಟ್ ಒಟ್ಟಿಗೆ ಸೇರಲು ಬಿಡದ, ನ್ಯೂಟ್ರಲ್ ಕೂಡ ಬದಲಿಸುವ ಚೇಂಜ್‌ಓವರನ್ನು ಈ ಮಳೆಗಾಲಕ್ಕೆ ಮೊದಲೇ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ.