ಅಣೆಕಟ್ಟೆಯ ಅಂಕಿ ಪರದೆಗೆ ಬಂದ ದಾರಿ

ಮುಂಗಾರು ಶುರುವಾದರೆ ಸಾಕು, ಮಂಡ್ಯದಿಂದ ಬೆಂಗಳೂರಿನವರೆಗೆ ಎಲ್ಲರ ಕಣ್ಣು ಕೆಆರ್‌ಎಸ್ ಮಟ್ಟದ ಮೇಲೆ. ಗರಿಷ್ಠ ಮಟ್ಟ 124.80 ಅಡಿ. ನೀರು 100 ಅಡಿ ಮುಟ್ಟಿತು ಅಂದ್ರೆ 'ಇನ್ನು 25 ಅಡಿ ಅಷ್ಟೇ ಬಾಕಿ' ಎಂದು ಜನ ಸಮಾಧಾನ ಪಡುತ್ತಾರೆ. ಆದರೆ 100 ಅಡಿಯಲ್ಲಿ ಜಲಾಶಯದ ಅರ್ಧದಷ್ಟೂ ನೀರು ಇರುವುದಿಲ್ಲ. ಕಣಿವೆ ತಳದಲ್ಲಿ ಕಿರಿದು, ಮೇಲೇರಿದಂತೆ ಅಗಲ. ಹಾಗಾಗಿ ಪೂರ್ಣ ಸಾಮರ್ಥ್ಯವಾದ 49.45 ಟಿಎಂಸಿಯಲ್ಲಿ (ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ) ಅರ್ಧಕ್ಕಿಂತ ಜಾಸ್ತಿ ನೀರು ನಿಲ್ಲುವುದು ಮೇಲಿನ ಆ 25 ಅಡಿಯಲ್ಲೇ. ಅಡಿಯ ಲೆಕ್ಕದಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಒಂದು ನೀಲಿ ಪಟ್ಟಿ ಬರೆದು ಶೇ 80 ತುಂಬಿದಂತೆ ತೋರಿಸಿದರೆ ಅಂಕಿ ಸರಿಯಾಗೇ ಇರುತ್ತದೆ, ನೋಡುವವರು ಮಾತ್ರ ತಪ್ಪು ತಿಳಿಯುತ್ತಾರೆ.

ನದಿ ನೀರಿನ ತಂತ್ರಾಂಶಕ್ಕೆ ಪರದೆ ರೂಪಿಸುವುದು ಅಂದ್ರೆ ಸುಮ್ನೆ ಬಣ್ಣ, ಬಟನ್ ಆರಿಸುವ ಕೆಲಸ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಈ ಕೆಲಸ ಇಲ್ಲಿಯವರೆಗೆ ಬಂದ ದಾರಿಯನ್ನು ನೋಡಿದರೆ ಹಾಗನ್ನಿಸುವುದಿಲ್ಲ.

ಮೊದಲು ಪರದೆಯೇ ಇರಲಿಲ್ಲ. ವಿಶ್ವೇಶ್ವರಯ್ಯನವರು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾದಲ್ಲಿ ಹಾಕಿಸಿದ ಗೇಟುಗಳು ನೀರು ಏರಿದಾಗ ತಾವಾಗಿಯೇ ತೆರೆಯುತ್ತಿದ್ದವು. ಮುಂದೆ ಕೆಆರ್‌ಎಸ್‌ಗೂ ಅಂಥವು ಬಂದವು. ಉಳಿದ ಕಡೆ ಅಳತೆಪಟ್ಟಿ ನೋಡುವವರು ಮಟ್ಟ ಓದಿ, ರಿಜಿಸ್ಟರಿನಲ್ಲಿ ಬರೆದು, ಫೋನಿನಲ್ಲೋ ವೈರ್‌ಲೆಸ್‌ನಲ್ಲೋ ಮೇಲಿನವರಿಗೆ ಹೇಳುತ್ತಿದ್ದರು. ಅನುಮಾನ ಬಂದರೆ ಕೇಳಲು ಒಬ್ಬ ಮನುಷ್ಯ ಇದ್ದ.

ಕಂಪ್ಯೂಟರ್ ದೊಡ್ಡ ಮಟ್ಟದಲ್ಲಿ ಬಂದದ್ದು 1995ರಲ್ಲಿ, ವಿಶ್ವ ಬ್ಯಾಂಕ್ ನೆರವಿನ ಹೈಡ್ರಾಲಜಿ ಪ್ರಾಜೆಕ್ಟ್ ಜೊತೆ. ಕರ್ನಾಟಕವೂ ಅದರಲ್ಲಿತ್ತು. ದತ್ತಾಂಶ ತುಂಬಲು ಎಸ್‌ಡಬ್ಲ್ಯುಡಿಇಎಸ್, ಅದನ್ನು ಪರಿಶೀಲಿಸಲು ಹೈಮಾಸ್ ಎಂಬ ತಂತ್ರಾಂಶಗಳು ಬಂದವು. ಅವು ಜಲವಿಜ್ಞಾನ ಕಲಿತವರಿಗಾಗಿ ಮಾಡಿದ ಪರದೆಗಳು. 2016ರ ರಾಷ್ಟ್ರೀಯ ಜಲವಿಜ್ಞಾನ ಯೋಜನೆಯ ಹೊತ್ತಿಗೆ ಸೆನ್ಸರ್, ಅದರ ಅಳತೆಯನ್ನು ದೂರಕ್ಕೆ ತಾನಾಗಿ ಕಳಿಸುವ ಟೆಲಿಮೆಟ್ರಿ, ವೆಬ್ ಎಲ್ಲ ಸೇರಿಕೊಂಡವು. ನೋಡುವವರೂ ಬದಲಾದರು. ಈಗ ಎಂಜಿನಿಯರ್ ಜೊತೆಗೆ ಪತ್ರಕರ್ತರು, ವಕೀಲರು, ರೈತರು ಎಲ್ಲರೂ ಅದೇ ಅಂಕಿಯನ್ನು ನೋಡುತ್ತಾರೆ.

ಒಬ್ಬೊಬ್ಬರ ಪ್ರಶ್ನೆ ಒಂದೊಂದು. ಕಾವೇರಿಯನ್ನೇ ತೆಗೆದುಕೊಳ್ಳಿ. 2018ರ ಫೆಬ್ರುವರಿಯಲ್ಲಿ ಬಂದ ಸುಪ್ರೀಂ ಕೋರ್ಟ್ ತೀರ್ಪಿನಂತೆ ಕರ್ನಾಟಕ ಸಾಮಾನ್ಯ ವರ್ಷದಲ್ಲಿ ತಮಿಳುನಾಡು ಗಡಿಯ ಮಾಪನ ಕೇಂದ್ರವಾದ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಹರಿಸಬೇಕು. ಜೂನ್‌ಗೆ 9.19, ಆಗಸ್ಟ್‌ಗೆ 45.95, ಹೀಗೆ ತಿಂಗಳ ಲೆಕ್ಕ. ಆದರೆ ಅಣೆಕಟ್ಟೆಯಲ್ಲಿ ಕೂತವರು ಯೋಚಿಸುವುದು ಕ್ಯೂಸೆಕ್‌ನಲ್ಲಿ, ಅಂದ್ರೆ ಸೆಕೆಂಡಿಗೆ ಎಷ್ಟು ಘನ ಅಡಿ ಎಂಬ ಲೆಕ್ಕದಲ್ಲಿ. 2023ರ ಆಗಸ್ಟ್ ಕೊನೆಗೆ, ಮಳೆ ಕೈಕೊಟ್ಟ ಹೊತ್ತಿನಲ್ಲಿ, 15 ದಿನ 5,000 ಕ್ಯೂಸೆಕ್ ಬಿಡಬೇಕೆಂದು ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಹೇಳಿತು. ಬೀದಿಗಿಳಿದ ರೈತರಿಗೆ ಬೇಕಿದ್ದ ಉತ್ತರ ಒಂದೇ: ಒಟ್ಟು ಎಷ್ಟು ನೀರು ಹೋಗುತ್ತೆ? ದಿನವಿಡೀ 11,574 ಕ್ಯೂಸೆಕ್ ಹರಿದರೆ ಒಂದು ಟಿಎಂಸಿ. ಆ ಲೆಕ್ಕದಲ್ಲಿ ಸುಮಾರು ಆರೂವರೆ ಟಿಎಂಸಿ. ಇಷ್ಟು ಸಣ್ಣ ಗುಣಾಕಾರ, ಭಾಗಾಕಾರವನ್ನು ಪರದೆಯೇ ಪಕ್ಕದಲ್ಲಿ ಮಾಡಿ ತೋರಿಸಬೇಕು. ಇದನ್ನು ಜನರ ತಲೆಗೆ ಬಿಡುವುದು ನನ್ನ ಪ್ರಕಾರ ತಪ್ಪು.

ಅಂಕಿಯ ಹಿಂದಿನ ಕೋಷ್ಟಕವೂ ಕಾಣಬೇಕು. ಮಟ್ಟದಿಂದ ಟಿಎಂಸಿ ತೆಗೆಯುವುದು ಒಂದು ಕೋಷ್ಟಕದ ಮೂಲಕ. ಹೂಳು ತುಂಬಿದರೆ ಆ ಕೋಷ್ಟಕ ಹಳತಾಗುತ್ತದೆ. ತುಂಗಭದ್ರಾ ಜಲಾಶಯದ ಸಾಮರ್ಥ್ಯ ಶುರುವಿನಲ್ಲಿ ಸುಮಾರು 133 ಟಿಎಂಸಿ. ಈಗಿನ ಲೆಕ್ಕದಲ್ಲಿ ಸುಮಾರು 105.8. ಎರಡೂ ಕೋಷ್ಟಕಗಳಿಗೆ ಪೂರ್ಣ ಮಟ್ಟ 1,633 ಅಡಿಯೇ. ಯಾವ ಸಮೀಕ್ಷೆಯ ಲೆಕ್ಕ ಎಂದು ಬರೆಯದ ಅಂಕಿಯನ್ನು ನಂಬುವುದು ಹೇಗೆ?

ಇನ್ನು ಸೆನ್ಸರೇ ಕೆಟ್ಟರೆ? ಅಮೆರಿಕದ ಮಿಸೌರಿಯ ಟಾಮ್ ಸಾಕ್ ಇದಕ್ಕೆ ಉದಾಹರಣೆ. ಅದು ಬೆಟ್ಟದ ಮೇಲಿನ ಜಲಾಶಯಕ್ಕೆ ನೀರು ಪಂಪ್ ಮಾಡಿ ವಿದ್ಯುತ್ ತೆಗೆಯುವ ಘಟಕ. ಮಟ್ಟ ಅಳೆಯುವ ಸೆನ್ಸರ್‌ಗಳಿದ್ದ ಕೊಳವೆ ಕಟ್ಟು ಬಿಟ್ಟು ಬಾಗಿತ್ತು. ಇದ್ದದ್ದಕ್ಕಿಂತ ಕಡಿಮೆ ಮಟ್ಟ ಪರದೆಗೆ ಬರುತ್ತಿತ್ತು. 2005ರ ಡಿಸೆಂಬರ್ 14ರ ನಸುಕಿನಲ್ಲಿ ನೀರು ಗೋಡೆ ಮೀರಿ ಹರಿಯಿತು, ಕಟ್ಟೆ ಒಡೆಯಿತು. ಕೆಳಗಿನ ಒಂದು ಕುಟುಂಬದ ಮನೆ ಕೊಚ್ಚಿಹೋಯಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ. ಅಂಕಿಯ ಜೊತೆ ಅದು ಎಷ್ಟು ನಂಬಲರ್ಹ, ಎಷ್ಟು ಹೊತ್ತಿನ ಹಿಂದಿನದು ಅನ್ನುವುದೂ ಕಾಣಬೇಕು. ಪಂಪ್ ಓಡುತ್ತಲೇ ಇದ್ದು ಮಟ್ಟ ಮಾತ್ರ ಏರದಿದ್ದರೆ ಪರದೆ ಕೂಗಿ ಹೇಳಬೇಕು.

ಇನ್ನೊಂದು ಪಾಠ ಬಂದದ್ದು ನೀರಿನಿಂದಲ್ಲ, ಅಣು ಸ್ಥಾವರದಿಂದ. 1979ರಲ್ಲಿ ಅಮೆರಿಕದ ಥ್ರೀ ಮೈಲ್ ಐಲೆಂಡ್‌ನಲ್ಲಿ ಒಂದು ವಾಲ್ವ್ ತೆರೆದೇ ಇತ್ತು. ಫಲಕದ ದೀಪ ಮಾತ್ರ ಮುಚ್ಚಿದಂತೆ ಸೂಚಿಸುತ್ತಿತ್ತು. ಆ ದೀಪ ತಿಳಿಸುತ್ತಿದ್ದದ್ದು 'ಮುಚ್ಚು ಎಂದು ಆದೇಶ ಹೋಗಿದೆ' ಎಂಬುದನ್ನಷ್ಟೇ.

ಇದು ನಮಗೆ ದೂರದ ಮಾತೇನಲ್ಲ. ಕೃಷ್ಣಾ ಕೊಳ್ಳದಲ್ಲಿ ನಾರಾಯಣಪುರ ಎಡದಂಡೆ ಕಾಲುವೆಯ ಗೇಟುಗಳನ್ನು ಈಗ ಸ್ಕಾಡಾ ಎಂಬ ಕಂಪ್ಯೂಟರ್ ನಿಯಂತ್ರಣದ ಮೂಲಕ ದೂರದಿಂದಲೇ ನಡೆಸುವ ವ್ಯವಸ್ಥೆ ಇದೆ. ಸುಮಾರು 4,700 ಕೋಟಿ ರೂಪಾಯಿಯ ಆಧುನೀಕರಣ ಯೋಜನೆ 2023ರ ಜನವರಿಯಲ್ಲಿ ಯಾದಗಿರಿ ಜಿಲ್ಲೆಯ ಕೊಡೇಕಲ್‌ನಲ್ಲಿ ಉದ್ಘಾಟನೆಯಾಯಿತು. ಕಾಲುವೆಯ ಸಾಮರ್ಥ್ಯ 10,000 ಕ್ಯೂಸೆಕ್, ಅಚ್ಚುಕಟ್ಟು 4.5 ಲಕ್ಷ ಹೆಕ್ಟೇರ್. ಇಷ್ಟು ದೊಡ್ಡ ಕಾಲುವೆಯಲ್ಲಿ 'ಗೇಟು ತೆರೆಯಲು ಹೇಳಿದೆ', 'ಗೇಟು ತೆರೆದಿದೆ', 'ಗೇಟಿನಾಚೆ ನೀರು ಹರಿಯುತ್ತಿದೆ' ಎಂಬ ಮೂರು ಸಂಗತಿಗೆ ಮೂರು ಬೇರೆ ಗುರುತು ಬೇಕೇ ಬೇಕು. ಕಸ ಸಿಕ್ಕಿಕೊಂಡರೆ, ಯಾರೋ ಕಲ್ಲು ಅಡ್ಡ ಇಟ್ಟರೆ, ಮೊದಲೆರಡು ನಿಜವಾಗಿದ್ದೂ ಮೂರನೆಯದು ಸುಳ್ಳಾಗುತ್ತದೆ.

ಆ ಮೂರನೆಯದು ಮೊದಲು ಗೊತ್ತಾಗುವುದು ಕಾಲುವೆಯ ಕೊನೆಯ ಭಾಗದ ರೈತನಿಗೆ. ಹಿಂದೆ ಕೆರೆಯ ಕೆಳಗೆ ನೀರುಗಂಟಿ ಇರುತ್ತಿದ್ದ. ತೂಬು ತೆರೆಯುವವನೂ ಅವನೇ, ಯಾರ ಗದ್ದೆಗೆ ನೀರು ಮುಟ್ಟಿಲ್ಲ ಎಂದು ನೋಡುವವನೂ ಅವನೇ. ಈಗ ಗೇಟು ತೆರೆಯುವವರು ನಿಯಂತ್ರಣ ಕೊಠಡಿಯಲ್ಲಿ, ನೀರಿಗೆ ಕಾಯುವವರು ಹೊಲದಲ್ಲಿ. ಅವರ ಮೊಬೈಲಿಗೆ ಹೊಳೆಯುವ ನಕ್ಷೆ ಬೇಕಿಲ್ಲ. ನಿಮ್ಮ ಉಪಕಾಲುವೆಗೆ ನೀರು ಯಾವ ದಿನ ಬರುತ್ತೆ, ಎಷ್ಟು ದಿನ ಇರುತ್ತೆ, ತಡವಾದರೆ ಯಾಕೆ ಎಂದು ಕನ್ನಡದಲ್ಲಿ ನಾಲ್ಕು ಸಾಲು ಬಂದರೆ ಸಾಕು. ಜೊತೆಗೆ 'ನೀರು ಬಂದಿಲ್ಲ' ಎಂದು ತಿಳಿಸಲು ಒಂದು ಬಟನ್ ಇರಲಿ. ಅದನ್ನು ಒತ್ತಿದಾಗ ದೂರು ಯಾವುದೋ ಬೇರೆ ಪೋರ್ಟಲ್‌ಗೆ ಹೋಗದೆ, ಗೇಟು ತೆರೆದವರ ಪರದೆಯಲ್ಲೇ, ಆ ಗೇಟಿನ ಪಕ್ಕದಲ್ಲೇ ಕಾಣಬೇಕು.