ಲ್ಯಾಂಬ್ಡಾ ಸೆನ್ಸರ್: ಹೊಗೆ ಕೊಳವೆಯಲ್ಲಿ ಅದರ ಜಾಗ ಯಾವುದು?

ಎಂಜಿನ್ನಿನಿಂದ ಹೊರಬರುವ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಕಾರಿನ ಕಂಪ್ಯೂಟರಿಗೆ, ಅಂದರೆ ಇಸಿಯುಗೆ, ತಿಳಿಸುವ ಸಾಧನಕ್ಕೆ ಆಕ್ಸಿಜನ್ ಸೆನ್ಸರ್ ಎಂದೂ ಲ್ಯಾಂಬ್ಡಾ ಸೆನ್ಸರ್ ಎಂದೂ ಹೆಸರಿದೆ. ಲ್ಯಾಂಬ್ಡಾ ಎಂಬುದು ಗ್ರೀಕ್ ವರ್ಣಮಾಲೆಯ ಒಂದು ಅಕ್ಷರ. ಎಂಜಿನ್ನಿನೊಳಗೆ ಹೋದ ಗಾಳಿಯನ್ನು, ಅದರ ಜೊತೆ ಹೋದ ಇಂಧನ ಪೂರ್ತಿ ಉರಿಯಲು ಬೇಕಾಗಿದ್ದ ಗಾಳಿಯಿಂದ ಭಾಗಿಸಿದರೆ ಸಿಗುವ ಸಂಖ್ಯೆಯನ್ನು ಈ ಅಕ್ಷರ ಸೂಚಿಸುತ್ತದೆ. 1 ಕಿಲೋ ಪೆಟ್ರೋಲಿಗೆ ಸುಮಾರು 14.7 ಕಿಲೋ ಗಾಳಿ ಸೇರಿದಾಗ ಲ್ಯಾಂಬ್ಡಾ 1 ಆಗುತ್ತದೆ. ಇಂಧನ ಹೆಚ್ಚಾದ ಮಿಶ್ರಣಕ್ಕೆ ರಿಚ್ ಎಂದೂ ಗಾಳಿ ಹೆಚ್ಚಾದದ್ದಕ್ಕೆ ಲೀನ್ ಎಂದೂ ಹೇಳುವುದು ರೂಢಿ. ಬಾಷ್ ಸಂಸ್ಥೆ ರೂಪಿಸಿದ ಈ ಸೆನ್ಸರ್ 1976ರಲ್ಲಿ ವೋಲ್ವೊ ಕಾರುಗಳ ಮೂಲಕ ಬಳಕೆಗೆ ಬಂತು.

ಸೆನ್ಸರನ್ನು ಎಲ್ಲಿ ಕೂರಿಸಬೇಕು ಎಂಬ ಪ್ರಶ್ನೆಗೆ ಉತ್ತರ ಸಿಗುವುದು ಅದು ಕೆಲಸ ಮಾಡುವ ಬಗೆಯಲ್ಲಿ. ಅದರ ತುದಿಯಲ್ಲಿರುವುದು ಜಿರ್ಕೋನಿಯಾ ಎಂಬ ಪಿಂಗಾಣಿಯಂಥ ವಸ್ತು. ಇದರ ಒಂದು ಮೈ ಹೊಗೆಗೆ ಒಡ್ಡಿಕೊಂಡಿದ್ದರೆ ಇನ್ನೊಂದು ಮೈಗೆ ಹೊರಗಿನ ಗಾಳಿ ತಾಗುತ್ತಿರುತ್ತದೆ. ಎರಡೂ ಕಡೆಯ ಆಮ್ಲಜನಕದ ಪ್ರಮಾಣದಲ್ಲಿರುವ ಅಂತರವೇ ವೋಲ್ಟೇಜಾಗಿ ಪ್ರಕಟವಾಗುತ್ತದೆ. ಮಿಶ್ರಣ ಲೀನ್ ಆಗಿದ್ದರೆ ಸುಮಾರು 0.1 ವೋಲ್ಟ್, ರಿಚ್ ಆಗಿದ್ದರೆ ಸುಮಾರು 0.9 ವೋಲ್ಟ್ ಸಿಗುತ್ತದೆ. ಆದ್ದರಿಂದ ಇದನ್ನು ಅಳೆಯುವ ಸಾಧನ ಎನ್ನುವುದಕ್ಕಿಂತ ಎರಡು ಗಾಳಿಗಳನ್ನು ಹೋಲಿಸುವ ಸಾಧನ ಎನ್ನುವುದೇ ಹೆಚ್ಚು ಸರಿ. ಪಿಂಗಾಣಿ 300 ಡಿಗ್ರಿ ಸೆಲ್ಸಿಯಸ್ಸಿಗಿಂತ ಹೆಚ್ಚು ಕಾಯುವವರೆಗೆ ಈ ಹೋಲಿಕೆ ನಂಬಿಕೆಗೆ ಅರ್ಹವಲ್ಲ.

ಮೊದಲನೆಯದಾಗಿ, ಸೆನ್ಸರ್ ತನ್ನ ಮುಂದೆ ಹಾದುಹೋಗುವ ಹೊಗೆಯ ಬಗ್ಗೆ ಮಾತ್ರ ಹೇಳಬಲ್ಲದು. ಎಲ್ಲ ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಕವಲು ಕೊಳವೆಯಾದ ಎಕ್ಸಾಸ್ಟ್ ಮ್ಯಾನಿಫೋಲ್ಡಿನಲ್ಲಿ ಒಂದೇ ಸಿಲಿಂಡರಿನ ಕವಲಿಗೆ ಅದನ್ನು ಜೋಡಿಸಿದರೆ ಆ ಸಿಲಿಂಡರಿನ ಸ್ಥಿತಿಯನ್ನೇ ಇಡೀ ಎಂಜಿನ್ನಿನ ಸ್ಥಿತಿ ಎಂದು ಇಸಿಯು ಭಾವಿಸುತ್ತದೆ. ಆ ಸಿಲಿಂಡರಿನಲ್ಲಿ ಕಿಡಿ ತಪ್ಪಿತು ಎಂದಿಟ್ಟುಕೊಳ್ಳಿ: ಇಂಧನ ಉರಿಯದೆ ಹೊರಬಂದರೂ ಬಳಕೆಯಾಗದ ಆಮ್ಲಜನಕವೂ ಜೊತೆಗೇ ಬರುವುದರಿಂದ ಸೆನ್ಸರ್ ಅದನ್ನು ಲೀನ್ ಎಂದೇ ವರದಿ ಮಾಡುತ್ತದೆ, ಇಸಿಯು ಎಲ್ಲ ಸಿಲಿಂಡರುಗಳಿಗೂ ಇನ್ನಷ್ಟು ಇಂಧನ ಸುರಿಯುತ್ತದೆ. ಹೀಗಾಗಿ ಕವಲುಗಳೆಲ್ಲ ಕೂಡಿ ಒಂದಾಗುವ ಕಲೆಕ್ಟರನ್ನು ದಾಟಿ, ಹೊಗೆ ಚೆನ್ನಾಗಿ ಬೆರೆತ ಸ್ಥಳವೇ ಸೂಕ್ತ. ಹಾಗೆಂದು ತುಂಬ ದೂರ ಹೋಗುವಂತಿಲ್ಲ. ಎಂಜಿನ್ನಿನಲ್ಲಾದ ಬದಲಾವಣೆ ಸೆನ್ಸರನ್ನು ತಲುಪುವುದು ತಡವಾದಷ್ಟೂ ಇಸಿಯು ಹಳೆಯ ಸುದ್ದಿಯನ್ನು ನೆಚ್ಚಿ ಇಂಧನ ತಿದ್ದಬೇಕಾಗುತ್ತದೆ.

ಈ ಸ್ಥಾನ, ಹೊಗೆಯ ವಿಷಾನಿಲಗಳನ್ನು ತಗ್ಗಿಸುವ ಕ್ಯಾಟಲಿಟಿಕ್ ಕನ್ವರ್ಟರಿಗಿಂತ ಮುಂಚೆ ಇರುವುದರಿಂದ ಅಲ್ಲಿನದಕ್ಕೆ ಅಪ್‌ಸ್ಟ್ರೀಮ್ ಸೆನ್ಸರ್ ಎನ್ನುತ್ತಾರೆ. ಇಂಧನವನ್ನು ತಿದ್ದುವ ಮುಖ್ಯ ಕೆಲಸ ಇದರದು. ಕನ್ವರ್ಟರಿನ ನಂತರ ಬರುವ ಡೌನ್‌ಸ್ಟ್ರೀಮ್ ಸೆನ್ಸರಿನ ಮುಖ್ಯ ಕೆಲಸ ಕನ್ವರ್ಟರ್ ಸರಿಯಾಗಿದೆಯೇ ಎಂದು ಗಮನಿಸುತ್ತಿರುವುದು. ಸಿಲಿಂಡರುಗಳು ಎರಡು ಸಾಲಾಗಿರುವ ವಿ ಆಕಾರದ ಎಂಜಿನ್ನುಗಳಲ್ಲಿ ಒಂದನೇ ಸಿಲಿಂಡರ್ ಇರುವ ಸಾಲಿಗೆ ಬ್ಯಾಂಕ್ 1 ಎಂದು ಹೆಸರು. ದೋಷದ ಸಂಕೇತದಲ್ಲಿ ಬ್ಯಾಂಕ್ 1 ಸೆನ್ಸರ್ 2 ಎಂದು ಕಂಡರೆ ಸಾಮಾನ್ಯವಾಗಿ ಆ ಸಾಲಿನ ಕನ್ವರ್ಟರ್ ದಾಟಿದ ನಂತರದ ಸೆನ್ಸರ್ ಎಂದರ್ಥ.

ಬಿಸಿಯ ವಿಷಯದಲ್ಲಿ ಎರಡೂ ಕಡೆ ಅಪಾಯವಿದೆ. ಒಳಗೆ ಹೀಟರ್ ಇಲ್ಲದ ಹಳೆಯ ಸೆನ್ಸರುಗಳು ಹೊಗೆಯ ಶಾಖದಿಂದಲೇ ಕಾಯಬೇಕಾಗಿದ್ದುದರಿಂದ ಎಂಜಿನ್ನಿಗೆ ತೀರ ಹತ್ತಿರವಿರುವುದು ಅನಿವಾರ್ಯವಾಗಿತ್ತು. ಹೀಟರ್ ಬಂದ ಮೇಲೆ ಆ ಕಟ್ಟು ಸಡಿಲವಾಯಿತು, ಆದರೆ ಅತಿಯಾದ ಶಾಖದ ತೊಂದರೆ ಉಳಿಯಿತು. ಟರ್ಬೊ ಇರುವ ಕಾರುಗಳಲ್ಲಿ ಹೊರಗಿನಿಂದ, ರಿಚ್ ಅಥವಾ ಲೀನ್ ಎನ್ನುವುದಷ್ಟೇ ಅಲ್ಲದೆ ಎಷ್ಟು ಎಂಬುದನ್ನೂ ತಿಳಿಸುವ ವೈಡ್‌ಬ್ಯಾಂಡ್ ಸೆನ್ಸರ್ ಜೋಡಿಸುವವರು ಅದನ್ನು ಹೊಗೆಯ ರಭಸಕ್ಕೆ ತಿರುಗುವ ಟರ್ಬೊದ ಚಕ್ರಕ್ಕೆ, ಅಂದರೆ ಟರ್ಬೈನಿಗೆ, ಮುಂಚೆ ಇಡಬಾರದು ಎನ್ನುವುದಕ್ಕೆ ಶಾಖವೊಂದೇ ಕಾರಣವಲ್ಲ. ಅಲ್ಲಿ ಹೊಗೆಯ ಒತ್ತಡ ಹೆಚ್ಚಿರುತ್ತದೆ, ಆ ಒತ್ತಡಕ್ಕೆ ತಕ್ಕಂತೆ ಸೆನ್ಸರಿನ ಎಣಿಕೆಯೂ ಬದಲಾಗುತ್ತದೆ.

ನನ್ನ ದೃಷ್ಟಿಯಲ್ಲಿ ಜಾಗದಷ್ಟೇ ಮುಖ್ಯವಾದದ್ದು, ಆದರೆ ಹೆಚ್ಚು ಕಡೆಗಣನೆಗೆ ಒಳಗಾಗುವುದು, ಸೆನ್ಸರಿನ ಓರೆ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ತಣ್ಣಗಿರುವ ಕೊಳವೆಯಲ್ಲಿ ಅದು ಹನಿಯಾಗಿ ತಳದಲ್ಲಿ ನಿಲ್ಲುತ್ತದೆ. ಹೀಟರಿನಿಂದ ಕೆಂಪಗೆ ಕಾದ ಪಿಂಗಾಣಿಗೆ ಅಂಥ ಒಂದು ಹನಿ ಬಿದ್ದರೂ ಅದು ಬಿರುಕು ಬಿಡಬಹುದು. ಆದ್ದರಿಂದ ಸೆನ್ಸರನ್ನು ಕೊಳವೆಯ ತಳದಲ್ಲಿ ಎಂದೂ ಕೂರಿಸಬಾರದು. ತುದಿ ಕೆಳಮುಖವಾಗಿ, ಇಡೀ ಸೆನ್ಸರ್ ಅಡ್ಡ ಗೆರೆಗಿಂತ ಕನಿಷ್ಠ 10 ಡಿಗ್ರಿ ಮೇಲಕ್ಕೆ ಓರೆಯಾಗಿರಬೇಕು. ಗಡಿಯಾರದ ಮುಖವನ್ನು ಕಲ್ಪಿಸಿಕೊಂಡರೆ, 10 ಮತ್ತು 2 ಗಂಟೆಯ ಗುರುತುಗಳ ನಡುವಿನ ಮೇಲ್ಭಾಗ ಸುರಕ್ಷಿತ.

ಕೊಳವೆಗೆ ರಂಧ್ರ ಕೊರೆದು, ಒಳಗೆ ತಿರುಪಿನ ಗೆರೆಗಳಿರುವ, ಬಂಗ್ ಎಂಬ ಉಂಗುರವನ್ನು ವೆಲ್ಡ್ ಮಾಡಿ, ಅದರೊಳಗೆ ಸೆನ್ಸರನ್ನು ತಿರುಗಿಸಿ ಕೂರಿಸುವುದು ಪದ್ಧತಿ. ಈ ತಿರುಪಿನ ಸಾಮಾನ್ಯ ಅಳತೆ 18 ಮಿಲಿಮೀಟರ್ ವ್ಯಾಸ, ಗೆರೆಗಳ ನಡುವೆ 1.5 ಮಿಲಿಮೀಟರ್ ಅಂತರ. ವೆಲ್ಡ್ ಮಾಡುವಾಗ ಸೆನ್ಸರ್ ಅದರೊಳಗೆ ಇರಕೂಡದು. ಸೆನ್ಸರಿಗೆ ಮುಂಚಿನ ಯಾವುದೇ ಕೀಲಿನಲ್ಲಿ ಸಣ್ಣ ಸೀಳಿದ್ದರೂ ಹೊಗೆ ಹೊರಹೋಗುವುದಷ್ಟೇ ಅಲ್ಲ, ಹೊಗೆಯ ಅಲೆಗಳ ನಡುವೆ ಒತ್ತಡ ಕುಸಿದಾಗ ಹೊರಗಿನ ಗಾಳಿ ಒಳನುಗ್ಗುತ್ತದೆ. ಆ ಗಾಳಿಯ ಆಮ್ಲಜನಕವನ್ನು ಕಂಡ ಸೆನ್ಸರ್ ಮಿಶ್ರಣ ಲೀನ್ ಎಂದು ಸಾರುತ್ತದೆ. ಬಾಲದ ಕೊಳವೆಯ ತುದಿಗೆ ತೀರ ಹತ್ತಿರ ಕೂರಿಸಿದರೂ ಇದೇ ಪಾಡು.

ಇನ್ನು ಹೊರಗಿನ ಮೈಯ ಮಾತು. ಹೋಲಿಕೆಗೆ ಬೇಕಾದ ಶುದ್ಧ ಗಾಳಿ ಅನೇಕ ಸೆನ್ಸರುಗಳಲ್ಲಿ ವೈರಿನ ಎಳೆಗಳ ನಡುವಿನ ಸಂದಿಯಿಂದಲೇ ಒಳಗೆ ಸೇರುತ್ತದೆ. ಕತ್ತರಿಸಿದ ವೈರನ್ನು ಬೆಸುಗೆ ಹಾಕಿ ಸೇರಿಸಿದರೆ ಅಥವಾ ಕನೆಕ್ಟರಿನಲ್ಲಿ ಗ್ರೀಸ್ ತುಂಬಿದರೆ ಆ ದಾರಿ ಮುಚ್ಚಿಹೋಗಬಹುದು. ಕೊಳವೆಯಲ್ಲಿ ಜಾಗ ಗುರುತಿಸುವಾಗಲೇ ವೈರು ಬಿಸಿ ಲೋಹಕ್ಕೆ ತಾಗದಂತೆ, ಕನೆಕ್ಟರಿಗೆ ನೀರು ಎರಚದಂತೆ ಸಾಗುವ ದಾರಿಯನ್ನೂ ನೋಡಿಕೊಳ್ಳಬೇಕಾಗುವುದು ಇದಕ್ಕಾಗಿಯೇ.