ಬೇಸಿಗೇಲಿ ತಳ ಮುಟ್ಟಬೇಕಾದ ಕಾಡು

ಕೆರೆ ಅಂದ್ರೆ ತುಂಬಿರ್ಬೇಕು, ಕೋಡಿ ಬೀಳ್ಬೇಕು, ಬಾಗಿನ ಬಿಡ್ಬೇಕು, ನಮ್ ತಲೇಲಿರೋದು ಇಷ್ಟೇ. ಮಾರ್ಚಲ್ಲಿ ಮಣಿಪುರದ ಲೋಕ್ತಾಕ್ ಸರೋವರ ನೋಡ್ಕೊಂಡು ಬಂದ್ಮೇಲೆ ನನಗೆ ಈ ಲೆಕ್ಕದ ಮೇಲೇ ಡೌಟು ಶುರುವಾಗಿದೆ.

ಅಲ್ಲಿ ನೀರಿನ ಮೇಲೆ ಹುಲ್ಲುಗಾವಲೇ ತೇಲುತ್ತೆ, ಅದಕ್ಕೆ ಫುಮ್ಡಿ ಅಂತಾರೆ. ಬೇರು, ದಂಟು, ಮಣ್ಣು ಎಲ್ಲ ವರ್ಷಾನುಗಟ್ಟಲೆ ಕೊಳೆತು ಹೆಣೆದುಕೊಂಡ ಚಾಪೆ. ಕೊಳೆಯುವಾಗ ಹುಟ್ಟೋ ಗ್ಯಾಸ್ ಒಳಗೇ ಸಿಕ್ಕಿಕೊಳ್ಳುತ್ತೆ, ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಉಬ್ಬಲ್ವಾ ಹಂಗೆ, ಅದಕ್ಕೇ ಮುಳುಗಲ್ಲ. ಹಂಗಂತ ಪೂರ್ತಿ ಮೇಲೂ ಇರಲ್ಲ, ಐದರಲ್ಲಿ ಒಂದು ಪಾಲು ಮೇಲೆ, ನಾಲ್ಕು ಪಾಲು ನೀರೊಳಗೆ, ಥೇಟ್ ಕೆರೇಲಿ ಮಲಗಿದ ಎಮ್ಮೆ. ಮಜಾ ಇರೋದು ಬೇಸಿಗೇಲಿ. ನೀರು ಇಳಿದಾಗ ಚಾಪೆ ತಳಕ್ಕೆ ಕೂರುತ್ತೆ, ಬೇರು ಕೆಸರಿಗಿಳಿದು ಸಾರ ಹೀರುತ್ತೆ, ಬಾಣಂತನಕ್ಕೆ ತವರಿಗೆ ಹೋದ ಮಗಳು ಮೈಕೈ ತುಂಬ್ಕೊಂಡು ಬರೋ ಥರ ಮಳೆಗಾಲಕ್ಕೆ ದಪ್ಪಗಾಗಿ ಮತ್ತೆ ಮೇಲೇಳುತ್ತೆ.

1983ರಲ್ಲಿ ಇಥಾಯ್ ಬ್ಯಾರೇಜ್ ಅನ್ನೋ ಅಡ್ಡಗಟ್ಟೆ ಬಂತು, 105 ಮೆಗಾವ್ಯಾಟ್ ಕರೆಂಟಿಗೋಸ್ಕರ ನೀರನ್ನ ವರ್ಷವಿಡೀ ಎತ್ತರದಲ್ಲೇ ನಿಲ್ಲಿಸಿದ್ರು. ತವರಿನ ದಾರಿ ಬಂದ್! ಫುಮ್ಡಿ ತೆಳ್ಳಗಾಗ್ತಾ ಬಂತು.

ತೆಳ್ಳಗಾದ್ರೆ ಏನೀಗ ಅಂದ್ರೆ, ಸಂಗಾಯ್ ಅನ್ನೋ ಜಿಂಕೆ ಓಡಾಡೋದೇ ಇದರ ಮೇಲೆ, ಇಡೀ ಪ್ರಪಂಚದಲ್ಲಿ ಅದರ ಕಾಡು ಇರೋದು ಇದೊಂದೇ ಕಡೆ. ನಿರ್ನಾಮ ಆಯ್ತು ಅಂತ ಒಮ್ಮೆ ಬರೆದೇ ಬಿಟ್ಟಿದ್ರು, 1953ರಲ್ಲಿ ಇ.ಪಿ. ಗೀ ಅನ್ನೋ ನಿಸರ್ಗತಜ್ಞ ಮತ್ತೆ ಹುಡುಕಿದ್ರು, 1975ರ ಎಣಿಕೇಲಿ ಸಿಕ್ಕಿದ್ದು ಬರೀ 14. ಎರಡು ವರ್ಷಕ್ಕೆ ಈ ಫುಮ್ಡಿ ಕಾಡು ಕೈಬುಲ್ ಲಮ್ಜಾವೋ ನ್ಯಾಷನಲ್ ಪಾರ್ಕ್ ಆಯ್ತು, ಸುಮಾರು 40 ಚದರ ಕಿಲೋಮೀಟರ್. ಕಾಯೋಕೆ ಗಾರ್ಡ್ ಇಡಬಹುದು, ಕಾಲ್ಕೆಳಗಿನ ನೆಲಾನೇ ಸವೀತಿದ್ರೆ ಗಾರ್ಡ್ ಏನ್ಮಾಡ್ತಾನೆ?

ಹಕ್ಕಿಗಳದ್ದೂ ಇದೇ ಗೋಳು. ಚಳಿಗಾಲಕ್ಕೆ ಬರೋ ಸೂಜಿಬಾಲದ ಬಾತು ಮುಳುಗಿ ಬೇಟೆಯಾಡೋ ಪೈಕಿ ಅಲ್ಲ, ಬಾಲ ಮೇಲೆತ್ತಿ ಕತ್ತು ಚಾಚಿ ತಳದ ಬೀಜ ಹೆಕ್ಕುತ್ತೆ. ಕತ್ತು ಎಟುಕದಷ್ಟು ನೀರಿದ್ರೆ ಅದಕ್ಕೆ ಕೆರೆ ತುಂಬಿದ್ರೂ ತಟ್ಟೆ ಖಾಲಿ.

ಇಶಿಂಗ್ ಕಂಬೋಂಗ್ ಅನ್ನೋ ಕಾಡು ಭತ್ತದ ಜಾತಿಯ ದಂಟನ್ನ ಸಂಗಾಯೂ ತಿನ್ನುತ್ತೆ, ಜನರೂ ತಿಂತಾರೆ. ಅದು ಬೆಳೆಯೋ ಜಾಗ ತೋರಿಸ್ತಾ ದೋಣಿಯಣ್ಣ ಬಿದಿರು ಗಳುವನ್ನ ಫುಮ್ಡಿಯೊಳಗೆ ಚುಚ್ಚಿದ. ಎರಡು ಗೇಣು ಹೋಗಿದ್ದೇ ತಡ, ಬೇರಿನ ಚಾಪೆ ಮುಗಿದು ಗಳು ಸರ್ರನೆ ನೀರಿಗಿಳೀತು, ಮಾರ್ಚ್ ತಿಂಗಳಲ್ಲಿ.